ಯಾರೂ ಇಲ್ಲದವರ ಮನೆ

೧೪ ಮಾರ್ಚ್, ಭಾನುವಾರ
ಹೊಸ ಮನೆಯ ಅಡುಗೆಕೋಣೆಯಿಂದ

ನನ್ನ ಪ್ರೀತಿಯ ಪುಟ್ಟಿ,

ನೀನು, ನಿನ್ನ ಯಜಮಾನರು, ಮಕ್ಕಳು ಎಲ್ಲರೂ ಸುಖವಾಗಿದ್ದೀರಿ ಎಂದುಕೊಂಡಿದ್ದೇನೆ. ನಾವೂ ಇದ್ದೇವೆ. ಬಸ್ಸು ಹತ್ತಿ ಸೀಟು ಹುಡುಕುವಷ್ಟರಲ್ಲಿ ಇಳಿಯಬೇಕಾದಷ್ಟು ಹತ್ತಿರ ಇರುವ ತಂಗಿಗೆ ಅಂಚೆಯಲ್ಲಿ ಕಾಗದ ಹಾಕುತ್ತಾನಲ್ಲ, ಇವನ್ಯಾವ ಸೀಮೆ ಅಣ್ಣ ಎಂದು ಅಂಚೆಯವನೂ ಅಂದುಕೊಂಡಾನು. ಅಂದುಕೊಳ್ಳಲಿ. ಹೀಗೆ ತಡವಾಗಿ ಬರೆಯುತ್ತಿರುವುದಕ್ಕೆ ಕ್ಷಮಿಸು.

ಬರೆಯುವ ಮೊದಲು ಬೇರೆ ದಾರಿಯನ್ನೆಲ್ಲ ನೋಡಿದೆ. ಫೋನು ಮಾಡಿದರೆ ನೀನು ಎತ್ತಲಿಲ್ಲ. ನಿನ್ನ ಹೊಲಿಗೆ ಅಂಗಡಿಗೆ ಬಂದರೆ ಯಜಮಾನರು ಬಾಗಿಲಿಗೆ ಅಡ್ಡ ನಿಂತು, "ಅವಳು ಸೂಜಿಗೆ ದಾರ ಪೋಣಿಸ್ತಿದಾಳೆ ಭಾವ, ಆಮೇಲೆ ಬನ್ನಿ" ಅಂದರು. ಮರುದಿನ ಹೋದಾಗಲೂ ನೀನು ದಾರ ಪೋಣಿಸುತ್ತಲೇ ಇದ್ದೆ. ಪಾಪ, ಅವರಿಗೆ ಸುಳ್ಳು ಹೇಳುವ ಅಭ್ಯಾಸವಿಲ್ಲ. ನಮ್ಮ ಮನೆತನದಲ್ಲಿ ಅದರಲ್ಲಿ ಪಳಗಿದವನು ನಾನೊಬ್ಬನೇ.

ಮೊದಲು ಮನೆಯ ಸುದ್ದಿ ಹೇಳಿಬಿಡುತ್ತೇನೆ. ನಾವು ಬಂದ ಮೇಲೆ ನೀನು ಸರಿಯಾಗಿ ನೋಡಲೇ ಇಲ್ಲವಲ್ಲ. ಬೀದಿ ಬಾಗಿಲ ಪಕ್ಕ ಕರೆಗಂಟೆಯ ಹಲಗೆಯಿದೆ. ಅದರ ಮೇಲಿರುವ ಹೆಸರುಗಳು ಒಂದೊಂದೂ ಒಂದೊಂದು ಲಿಪಿಯವು. ಕೆಲವು ಎಡದಿಂದ ಓದುವವು, ಕೆಲವು ಬಲದಿಂದ ಓದುವವು, ಒಂದನ್ನಂತೂ ಯಾವ ಕಡೆಯಿಂದ ಓದಬೇಕೋ ನನಗೆ ಇನ್ನೂ ಗೊತ್ತಾಗಿಲ್ಲ. ಮೆಟ್ಟಿಲು ಹತ್ತುತ್ತಾ ಹೋದರೆ ಅಂತಸ್ತಿಗೊಂದು ಅಡುಗೆಯ ವಾಸನೆ, ಅಂತಸ್ತಿಗೊಂದು ಭಾಷೆಯ ಜಗಳ. ಕೆಳಗಿನ ಕ್ಷೌರದಂಗಡಿಯವನು ಸಮುದ್ರದಾಚೆಯವನು. ಮೂಲೆಯ ಬ್ರೆಡ್ಡಿನ ಅಂಗಡಿಯವಳು ಬೆಟ್ಟದಾಚೆಯವಳು. ಯಾರೂ ಇಲ್ಲಿ ಹುಟ್ಟಿದವರಲ್ಲ, ಹಾಗಾಗಿ ಯಾರೂ ಇಲ್ಲಿ ಪರಕೀಯರಲ್ಲ. ಇಂಥ ಜಾಗದಲ್ಲಿ ಒಂದು ಸ್ವಂತ ಬಾಗಿಲು ಬೇಕೆಂದು ನಾವು ಎಷ್ಟು ವರ್ಷ ಬಾಯಿ ಬಿಟ್ಟುಕೊಂಡು ಕೂತಿದ್ದೆವು, ನಿನಗೇ ಗೊತ್ತು.

ಈ ಮನೆ ಹುಡುಕಿದ್ದೇ ನೀನು. ನಿನ್ನ ಅತ್ತಿಗೆಗೆ ಆಸ್ಪತ್ರೆಯ ಡ್ಯೂಟಿ, ನನಗೆ ಲಿಫ್ಟು ರಿಪೇರಿಯ ಕರೆಗಳು. ಆದರೂ ಪ್ರತಿ ಭಾನುವಾರ ನೀನು ನನ್ನನ್ನು ಎಳೆದುಕೊಂಡು ಮನೆ ತೋರಿಸುತ್ತಿದ್ದೆ. ದಲ್ಲಾಳಿ ಒಂದು ಕಡೆಯಿಂದ ಹೊಗಳುತ್ತಾ ಬಂದರೆ ನೀನು ಇನ್ನೊಂದು ಕಡೆಯಿಂದ ಗೋಡೆಗೆ ಮೂಗು ಹಚ್ಚಿಕೊಂಡು ಬರುತ್ತಿದ್ದೆ. "ಅಣ್ಣಾ, ಈ ಗೋಡೆಗೆ ನೆಗಡಿ ಆಗಿದೆ ಕಣೋ, ಬೇಡ" ಎಂದು ನೀನಂದಾಗ ಆ ದಲ್ಲಾಳಿಯ ಮುಖ ನೋಡಬೇಕಿತ್ತು. ಕೊನೆಗೊಂದು ದಿನ ಅಂಗಡಿಗೆ ಹೋಗುವ ದಾರಿಯಲ್ಲಿ ಮಾರಾಟದ ಫಲಕ ನೋಡಿ, ಒಳಗೆ ಹೋಗಿ ಗೋಡೆ ಮೂಸಿ, ಅಲ್ಲಿಂದಲೇ ಫೋನು ಮಾಡಿ, "ಬೇಗ ಬಾರೋ, ಇದು ಒಣ ಮನೆ" ಅಂದೆ.

ಈ ಕಟ್ಟಡದಲ್ಲಿ ಮನೆ ಮಾರುವವರು ಒಪ್ಪಿದರೆ ಸಾಲದು, ನೆರೆಯವರೂ ಒಪ್ಪಬೇಕು. ಕೊಳ್ಳುವವರನ್ನು ಒಂದು ಸಂಜೆ ಕೂರಿಸಿಕೊಂಡು ಟೀ ಕೊಟ್ಟು ಮಾತನಾಡಿಸುತ್ತಾರೆ. ಆ ಸಂಜೆಗೆಂದು ನನ್ನ ಅಂಗಿಗೆ ಇಸ್ತ್ರಿ ಹಾಕಿಕೊಟ್ಟವಳೂ ನೀನೇ. ಸಂಘದ ಅಧ್ಯಕ್ಷರು ರೈಲು ಓಡಿಸಿ ನಿವೃತ್ತರಾದ ಮುದುಕರು, ನಾವು ಅವರನ್ನು ಇಂಜಿನ್ ತಾತ ಅನ್ನುತ್ತೇವೆ. ನಾನು ಲಿಫ್ಟು ರಿಪೇರಿಯವನೆಂದು ಗೊತ್ತಾದ ಕೂಡಲೇ ಅವರು ಎದ್ದು ಬಂದು ತಬ್ಬಿಕೊಳ್ಳುವುದೊಂದು ಬಾಕಿ. ಇವರ ಲಿಫ್ಟು ಅಷ್ಟು ಗೋಳು ಹೊಯ್ದುಕೊಂಡಿತ್ತಂತೆ. ಎಲ್ಲ ಸಲೀಸಾಗಿ ನಡೆಯುತ್ತಿತ್ತು. ಆಗ ಎದುರು ಮನೆಯ ಅಜ್ಜಿ ಕೇಳಿದರು. ಅವರು ಶಾಲೆಯಲ್ಲಿ ಭೂಗೋಳ ಪಾಠ ಮಾಡುತ್ತಿದ್ದವರು, ಈಗ ಒಬ್ಬರೇ ಇದ್ದಾರೆ.

"ನಿಮ್ಮೋರು ಅಂತ ಹತ್ತಿರದಲ್ಲಿ ಯಾರಾದ್ರೂ ಇದ್ದಾರಾ?"

ಪುಟ್ಟಿ, ಈ ಪ್ರಶ್ನೆ ನಮಗೆ ಹೊಸದೇ? ಬಾಡಿಗೆ ಮನೆಗಳ ಓನರುಗಳೆಲ್ಲ ಇದನ್ನೇ ಕೇಳುತ್ತಿದ್ದರು. ಇದ್ದಾರೆ ಅಂದರೆ ಮುಗಿಯಿತು, ಒಬ್ಬರ ಹಿಂದೆ ಒಬ್ಬರು ಬಂದು ಛತ್ರ ಮಾಡಿಬಿಡುತ್ತಾರೆ ಎಂದು ಬಾಗಿಲು ಹಾಕುತ್ತಿದ್ದರು. ಓನರು ಬರುವ ದಿನ, ಆಗ ನಮ್ಮ ಜೊತೆಗೇ ಇದ್ದ ನೀನು ಮಗುವನ್ನು ಎತ್ತಿಕೊಂಡು ಬಟ್ಟೆಯ ಬುಟ್ಟಿಯ ಸಮೇತ ಹೊರಗೆ ನಡೆಯುತ್ತಿದ್ದುದು ನನಗೆ ನೆನಪಿದೆ. ಅಜ್ಜಿ ಕೇಳಿದ್ದೇ ತಡ, ನನ್ನ ನಾಲಿಗೆ ತಾನಾಗಿಯೇ ತಿರುಗಿತು. "ಇಲ್ಲಮ್ಮಾ, ನಮಗೆ ಯಾರೂ ಇಲ್ಲ" ಅಂದೆ. ನಿನ್ನ ಅತ್ತಿಗೆ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ನಾನು ಕಾಲು ಹಿಂದಕ್ಕೆ ತೆಗೆದುಕೊಂಡೆ.

ಅಜ್ಜಿಯ ಕಣ್ಣು ತುಂಬಿಬಂತು. ಆಮೇಲೆ ಇಂಜಿನ್ ತಾತ ವಿಷಯ ಬಿಡಿಸಿ ಹೇಳಿದರು. ಹಿಂದೆ ಇಲ್ಲಿ ಒಬ್ಬಾತ ಮನೆಯೊಳಗೆ ಬಿದ್ದು, ಬೀಗ ಒಡೆಯುವಷ್ಟರಲ್ಲಿ ಹೊತ್ತು ಮೀರಿತ್ತಂತೆ. ಅವನವರು ಯಾರು, ಎಲ್ಲಿದ್ದಾರೆ ಎಂದು ಯಾರಿಗೂ ಗೊತ್ತಿರಲಿಲ್ಲ. ಅಂದಿನಿಂದ ಹೊಸದಾಗಿ ಬಂದವರು ಮನೆಯ ಇನ್ನೊಂದು ಬೀಗದಕೈಯನ್ನು ಹತ್ತಿರದಲ್ಲಿರುವ ತಮ್ಮವರ ಕೈಗೆ ಕೊಡಬೇಕು. ಅದೇ ಇಲ್ಲಿಯ ಕಟ್ಟಳೆ. ಅಜ್ಜಿ ಕೇಳಿದ್ದು ಅದಕ್ಕೆ, ಅಷ್ಟೇ! ಅಂಥವರು ಯಾರೂ ಇಲ್ಲದಿದ್ದರೆ ಎದುರು ಮನೆಯವರೇ ಇಟ್ಟುಕೊಳ್ಳುತ್ತಾರೆ. "ಹಾಗಾದ್ರೆ ಇನ್ಮೇಲೆ ನಾವೇ ನಿಮ್ಮೋರು" ಎಂದು ಅಜ್ಜಿ ನನ್ನ ಕೈ ಹಿಡಿದರು. ಆಗಲೇ ಬಾಯಿಬಿಡಬಹುದಿತ್ತು. ಇದ್ದಾಳೆ ಅಮ್ಮಾ, ನನಗೊಬ್ಬಳು ತಂಗಿ ಇದ್ದಾಳೆ ಅಂದಿದ್ದರೆ ನಾಲ್ಕು ಜನ ನಕ್ಕು ಮುಗಿಯುತ್ತಿತ್ತು. ಸುಳ್ಳುಗಾರನಿಗೆ ಮನೆ ಕೊಡುವುದಿಲ್ಲ ಅಂದುಬಿಟ್ಟರೆ ಎಂದು ಹೆದರಿ ನಾನು ಟೀ ಕುಡಿದೆ.

ಅಂದಿನಿಂದ ನಾವು ಈ ಕಟ್ಟಡದ ಅನಾಥರಾಗಿಬಿಟ್ಟೆವು. ತಾತ ಬಂದು ಕಪಾಟು ಕೂರಿಸಿಕೊಟ್ಟರು. ಕ್ಷೌರದವನು ಕೂದಲು ಕತ್ತರಿಸಿ, "ನಿಮ್ಮ ಹತ್ರ ಏನು ತಗೊಳ್ಳೋದು" ಅಂದ. ಅಜ್ಜಿ ದಿನಾ ಬಾಗಿಲು ತಟ್ಟಿ ಊಟ ಆಯಿತೇ ಎಂದು ಕೇಳುತ್ತಾರೆ. ಒಬ್ಬೊಬ್ಬರು ಪಾಪ ಅಂದಾಗಲೂ ಭೂಮಿ ಬಾಯಿ ಬಿಡಬಾರದೇ ಅನಿಸುತ್ತಿತ್ತು. ಈ ಮಧ್ಯೆ ನೀನು ಯಾವಾಗ ಬರಲಿ ಎಂದು ಕೇಳುತ್ತಿದ್ದೆ. ಬಣ್ಣ ಒಣಗಲಿ ಅಂದೆ. ಪೈಪು ಸೋರುತ್ತಿದೆ ಅಂದೆ. ಬಣ್ಣ ಒಣಗಿ ಪುಡಿಯಾಗಿ ಉದುರುವಷ್ಟು ಕಾಲ ಕಳೆದರೂ ನೀನು ಒಂದು ಮಾತು ಅನ್ನಲಿಲ್ಲ.

ಆ ದಿನದ್ದನ್ನು ನಿನಗೇ ಹೇಳುವ ಅಗತ್ಯವಿಲ್ಲ, ನೀನೇ ಇದ್ದೆ. ಆದರೂ ಬರೆಯುತ್ತೇನೆ. ನಾನು ಎದುರಿಗೆ ಸಿಕ್ಕಾಗ ಬೇರೆ ಏನೋ ಹೇಳಿ ಜಾರಿಕೊಳ್ಳಬಾರದು ಎಂದು. ಅತ್ತಿಗೆ ಡ್ಯೂಟಿಗೆ ಹೋಗಿದ್ದಳು. ತಾತ ಏಣಿ ಹತ್ತಿ ಕಿಟಕಿಗೆ ಪರದೆಯ ಸರಳು ಬಿಗಿಯುತ್ತಿದ್ದರು. ಅಜ್ಜಿ ಕೆಳಗೆ ಕೂತು, ಸೊಟ್ಟಗಿದೆ, ಇನ್ನೂ ಸೊಟ್ಟಗಿದೆ ಅನ್ನುತ್ತಿದ್ದರು. ಬಾಗಿಲು ತೆರೆದರೆ ನೀನು. ಅಂಗಡಿಯಿಂದ ನೇರ ಬಂದಿದ್ದೆ, ಅಳತೆಯ ಟೇಪು ಕೊರಳಲ್ಲೇ ಇತ್ತು. ಎದೆಗವಚಿಕೊಂಡ ಬಟ್ಟೆಯ ಗಂಟಿನ ಮೇಲಿಂದ ನಿನ್ನ ನಗು ಕಾಣುತ್ತಿತ್ತು.

"ಯಾರಪ್ಪಾ ಅದು?" ಎಂದು ಅಜ್ಜಿ ಒಳಗಿನಿಂದ ಕೇಳಿದರು.

ನಾನು ಬಾಗಿಲಿಗೆ ಅಡ್ಡವಾಗಿಯೇ ನಿಂತೆ. ನೀನು ನನ್ನ ಭುಜದ ಮೇಲಿಂದ ನೋಡಿ ಹೇಳಿದೆ: "ಪರದೆ ಹೊಲಿಯೋಳು ಅಮ್ಮಾ. ಸಾರ್ ಹೊಲಿಸೋಕೆ ಹೇಳಿದ್ರು."

"ಸರಿಯಾದ ಹೊತ್ತಿಗೆ ಬಂದ್ರಿ ನೋಡಿ" ಎಂದು ಏಣಿಯ ಮೇಲಿಂದ ತಾತ.

ನೀನು ಚಪ್ಪಲಿ ಹೊರಗೆ ಬಿಟ್ಟು ಬಂದು, ನನ್ನ ಮನೆಗೆಂದು ಅಂಗಡಿ ಕೆಲಸ ಮುಗಿಸಿದ ಮೇಲೆ ಕೂತು ಹೊಲಿದ ಪರದೆಗಳನ್ನು ಬಿಚ್ಚಿ ತೋರಿಸಿದೆ. ಅಜ್ಜಿ ಅಂಚನ್ನು ಕಣ್ಣಿನ ಹತ್ತಿರ ಹಿಡಿದು, "ಎಂಥಾ ಕೈ ಇದು! ನನಗೂ ಒಂದು ಜೊತೆ ಹೊಲಿದುಕೊಡ್ತೀಯಾ?" ಅಂದರು. ನೀನು ಅವರ ಕಿಟಕಿಯ ಅಳತೆಯನ್ನೂ ಕೇಳಿಕೊಂಡೆ. ಆಗ ನಾನು, ನಿನ್ನ ಒಡಹುಟ್ಟಿದ ಅಣ್ಣ, "ಎಷ್ಟಾಯ್ತಮ್ಮಾ?" ಅಂದೆ.

"ಆಮೇಲೆ ಕೊಡಿ ಸಾರ್. ಅವಸರ ಏನಿಲ್ಲ."

ಅಜ್ಜಿ ಕೊಡಲು ಹೋದ ನೀರನ್ನೂ ಕುಡಿಯದೆ ನೀನು ಹೋದೆ.

ಅತ್ತಿಗೆ ಬಂದು ಪರದೆ ನೋಡಿ, ಹೊಲಿಗೆಯಿಂದಲೇ ಗುರುತು ಹಿಡಿದು, ನಡೆದದ್ದನ್ನೆಲ್ಲ ನನ್ನ ಬಾಯಿಂದ ಬಿಡಿಸಿದಳು. ಆಮೇಲೆ ಆ ಪರದೆಗಳನ್ನು ಮಡಚಿ ಪೆಟ್ಟಿಗೆಗೆ ಹಾಕಿ, "ಅವಳು ಬಂದು ತನ್ನ ಕೈಯಾರೆ ಹಾಕೋವರೆಗೂ ಈ ಕಿಟಕಿ ಹೀಗೇ ಇರ್ಲಿ" ಅಂದಳು. ಈಗ ಬೆಳಗಾದರೆ ಬಿಸಿಲು ನೇರ ಕಣ್ಣಿಗೆ ಬೀಳುತ್ತದೆ. ಎದುರು ಕಟ್ಟಡದವರಿಗೆ ನಾನು ಬನಿಯನ್ನು ಹಾಕಿಕೊಳ್ಳುವುದೂ ಕಾಣುತ್ತದೆ. ಮಾನ ಹೋದವನಿಗೆ ಪರದೆ ಯಾಕೆ ಎಂಬುದು ಅವಳ ವಾದ.

ನಿನ್ನೆ ಅಜ್ಜಿಯ ಮನೆಗೆ ಹೋಗಿ ಎಲ್ಲ ಹೇಳಿದೆ. ಅವರು ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು. "ನನಗೆ ಸುಳ್ಳು ಹೇಳಿದ್ದು ಹಾಳಾಗ್ಲಿ. ಮನೆಗೋಸ್ಕರ ಜನ ಏನೇನೋ ಹೇಳ್ತಾರೆ. ಆದ್ರೆ ಆ ಹುಡುಗೀನ ನನ್ನೆದುರಿಗೆ ಎಷ್ಟಾಯ್ತು ಅಂತ ಕೇಳಿದ್ಯಲ್ಲ, ಅದನ್ನ ನನ್ನ ಕೈಲಿ ನೋಡಿಸಬಾರ್ದಿತ್ತು ಕಣಪ್ಪಾ" ಅಂದರು. ಎದ್ದು ಹೋಗಿ ಮೊಳೆಯಿಂದ ನಮ್ಮ ಬೀಗದಕೈ ತೆಗೆದು ನನ್ನ ಕೈಗಿಟ್ಟರು. "ಇದು ನನ್ನ ಹತ್ರ ಇರೋದಲ್ಲ. ಯಾರಿಗೆ ಸೇರಬೇಕೋ ಅವರಿಗೆ ಕೊಡು."

ಅದನ್ನೇ ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ನೀನು ಇಟ್ಟುಕೊಳ್ಳಬಹುದು, ಎಸೆಯಬಹುದು, ನಿನ್ನಿಷ್ಟ. ಕ್ಷಮಿಸು ಎಂದು ಕೇಳುವ ಮುಖವೂ ನನಗಿಲ್ಲ. ಬರುವ ಭಾನುವಾರ ಸಂಜೆ ಕಟ್ಟಡದವರನ್ನೆಲ್ಲ ಕರೆದಿದ್ದೇನೆ. ನೀನು ಬಂದರೂ ಬಾರದಿದ್ದರೂ, ನನಗೊಬ್ಬಳು ತಂಗಿ ಇದ್ದಾಳೆ, ಪರದೆ ಹೊಲಿದವಳು ಅವಳೇ ಎಂದು ಅವರ ಮುಂದೆ ನಿಂತು ಹೇಳುತ್ತೇನೆ. ಬಂದರೆ ನಿನ್ನ ಮುಖ ನೋಡಿ ಹೇಳುತ್ತೇನೆ. ಇಲ್ಲದಿದ್ದರೆ ಬರಿ ಕಿಟಕಿ ನೋಡಿಕೊಂಡು ಹೇಳುತ್ತೇನೆ.

ಅಂಗಡಿಯಲ್ಲಿ ದೀಪ ಸಾಲದೆ ಕಣ್ಣು ಹಾಳು ಮಾಡಿಕೊಳ್ಳಬೇಡ. ಮಕ್ಕಳ ತಲೆಯ ಮೇಲೆ ಅವರ ಮಾವನ ಪರವಾಗಿ ಒಂದು ಸಲ ಕೈಯಿಡು. ನೂರು ಕಾಲ ಚೆನ್ನಾಗಿ ಬಾಳು, ನನ್ನ ತಾಯಿ.

ನಿನ್ನ,
ಅಣ್ಣ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ನೀನು ಹಾಗೆ ಹೇಳಬೇಕೆಂದು ನಾನು ನಿನಗೆ ಹೇಳಿಕೊಟ್ಟಿರಲಿಲ್ಲ. ಆ ಸಂಜೆ ಅಜ್ಜಿ ಕೇಳಿದ ಪ್ರಶ್ನೆ, ನಾನು ಕೊಟ್ಟ ಉತ್ತರ, ಎರಡೂ ನಿನಗೆ ಗೊತ್ತಿರಲಿಲ್ಲ. ನೀನು ನೋಡಿದ್ದು ಬಾಗಿಲು ತೆರೆದ ನನ್ನ ಮುಖವನ್ನು ಮಾತ್ರ. ಅದರಲ್ಲಿ ಏನಿತ್ತು ಎಂದು ಕೇಳಲು ನನಗೆ ಧೈರ್ಯವಿಲ್ಲ. ನೀನು ಹೋಗುವಾಗ ನಾನು ಬಾಗಿಲ ಹಿಂದೆಯೇ ನಿಂತಿದ್ದೆ. ನೀನು ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದದ್ದು ಕೇಳಿಸಿತು. ನಾನು ಒಂದು ಕೂಗು ಹಾಕಿದ್ದರೆ ನೀನು ನಿಲ್ಲುತ್ತಿದ್ದೆ. ಬೀದಿ ಬಾಗಿಲು ಮುಚ್ಚಿಕೊಂಡಾಗ, ಪುಟ್ಟಿ, ನನಗೆ ಹಾಯೆನಿಸಿತು. ಇದನ್ನು ನಿನ್ನ ಅತ್ತಿಗೆಗೆ ಹೇಳಿಲ್ಲ, ಅಜ್ಜಿಗೂ ಹೇಳಿಲ್ಲ.