ಕಲ್ಲು ಜಾಡಿಯ ಹೊರಗೇ ಇರಬೇಕು

ಅಕ್ಟೋಬರ್ 29

ಇನ್ನೂ ಎರಡು ಕಟ್ಟು ಥೈಮ್ ಸೊಪ್ಪು ಒಣಗಬೇಕು. ಅಟ್ಟದ ತುಂಬ ಅದರದೇ ವಾಸನೆ. ಎಲ್ಡರ್ ಹಣ್ಣು ಸಾಕಷ್ಟಿದೆ. ಜೇನು ಪರ್ನೆಲ್ ಕೊಟ್ಟಿದ್ದು. ಸೇಬಿನ ವಿನೆಗರ್ ಕ್ಯಾನ್ ಬಸ್ಸಿನಲ್ಲಿ ಚೆಲ್ಲಿತು... ಕೋಟೆಲ್ಲ ಹುಳಿ ಹುಳಿ. ಪಕ್ಕದ ಸೀಟಿನವನು ಎದ್ದು ಹಿಂದೆ ಹೋದ. ಹೋಗಲಿ.

ಹೆಸ್ಟರ್‌ಗೆ ಕೆಮ್ಮು ಬಿಟ್ಟಿಲ್ಲ. ಆಗಸ್ಟ್‌ನಲ್ಲಿ ನ್ಯುಮೋನಿಯಾ ಆದಾಗಿನಿಂದ ಇದೇ ಕಥೆ. ಫೋನಿನಲ್ಲಿ ಒಂದು ಮಾತು ಮುಗಿಸುವಷ್ಟರಲ್ಲಿ ಉಸಿರು ಹಿಡಿಯುತ್ತದೆ. ಅಮ್ಮ ಹೋದದ್ದೂ ಎದೆಯ ಕಾಯಿಲೆಯಿಂದ. ಹೆಸ್ಟರ್ ಕೆಮ್ಮಿದರೆ ಅಮ್ಮನೇ ಕೆಮ್ಮಿದ ಹಾಗೆ. ನನ್ನವರು ಅಂತ ಉಳಿದಿರುವುದು ಈ ಅಕ್ಕ ಒಬ್ಬಳೇ.

ಪ್ರತಿ ಚಳಿಗಾಲಕ್ಕೂ ಮಾಡುವ ಔಷಧಿಯ ಜಾಡಿ ಈ ಸಲ ಅವಳಿಗೇ.

ಅಕ್ಟೋಬರ್ 30

ಗಣಿಯ ಹಳೇ ಮಣ್ಣುಗುಡ್ಡೆಗೆ ಹೋಗಿದ್ದೆ. ಜಾಡಿಯ ಜೊತೆಗಿಡಲು ಪ್ರತಿ ಚಳಿಗಾಲಕ್ಕೂ ಒಂದು ಕಲ್ಲು ಆರಿಸಬೇಕು. ಅಂಗಡಿಯಲ್ಲಿ ದಿನವಿಡೀ ಪಾಲಿಶ್ ಹೊಡೆದ ಕಲ್ಲುಗಳನ್ನೇ ಮಾರುತ್ತೇನೆ—ಅವು ನನಗೆ ಬೇಡ. ತಾಮ್ರದ ಗಣಿ ಮುಚ್ಚಿದ್ದು ಅಜ್ಜನ ಕಾಲದಲ್ಲಿ. ಆ ಗುಡ್ಡೆಯ ಮೇಲೆ ಇವತ್ತಿಗೂ ಹುಲ್ಲು ಹುಟ್ಟುವುದಿಲ್ಲ. ಗಾಳಿ ಎಂದರೆ ಗಾಳಿ, ಸಮುದ್ರದಿಂದ ನೇರ ಮುಖಕ್ಕೆ.

ಸಿಕ್ಕಿತು. ಕೋಳಿಮೊಟ್ಟೆ ಗಾತ್ರ, ಕಡು ಹಸಿರು, ಪದರ ಪದರ. ಮ್ಯಾಲಕೈಟ್. ಎದೆಗೂ ಉಸಿರಿಗೂ ಒಳ್ಳೆಯದು ಎಂದು ಅಂಗಡಿಯ ಚೀಟಿಗಳಲ್ಲಿ ಬರೆದು ಅಂಟಿಸುವವಳು ನಾನೇ. ಹೆಸ್ಟರ್‌ಗೆಂದೇ ಕಾದು ಕೂತಿತ್ತು ಅನ್ನಿಸಿತು.

ಅಕ್ಟೋಬರ್ 31, ಸೌವಿನ್

ಸತ್ತವರ ಹಬ್ಬ. ಹಳೇ ಮಾಟದ ದಾರಿ ಹಿಡಿದ ನಮಗೆ ವರ್ಷಕ್ಕೆ ಎಂಟು ಹಬ್ಬ, ಅವುಗಳಲ್ಲಿ ನನಗೆ ಹತ್ತಿರದ್ದು ಇದು. ಪರ್ನೆಲ್ ಹಿತ್ತಿಲಲ್ಲಿ ಸೇರಿದೆವು, ನಮ್ಮ ಗುಂಪಿನ ಎಂದಿನ ಒಂಬತ್ತು ಜನ. ಜೂನಿಪರ್ ಕಡ್ಡಿಯ ಹೊಗೆ ಹಾಕಿ, ಒಬ್ಬೊಬ್ಬರೂ ನಮ್ಮ ನಮ್ಮ ಸತ್ತವರನ್ನು ಹೆಸರು ಹಿಡಿದು ಕರೆದೆವು. ಎಲ್ಲರ ಕೈಗೂ ಒಂದೊಂದು ಕೆಂಪು ಸೇಬು. ನಾನು ಅಮ್ಮನ ಹೆಸರು ಹೇಳಿದೆ.

ಆಮೇಲೆ ಜಾಡಿ ತುಂಬುವ ಕೆಲಸ. ಸೊಪ್ಪು, ಹಣ್ಣು, ಜೇನು, ಮೇಲೆ ವಿನೆಗರ್. ಡಿಸೆಂಬರಿನ ಯೂಲ್ ಹಬ್ಬದವರೆಗೆ ಮುಚ್ಚಿಡುವುದು. ಪರ್ನೆಲ್ ನಮಗೆಲ್ಲ ಹಿರಿಯಳು, ಕಲಿಸಿದವಳೂ ಅವಳೇ. ಪ್ರತಿ ವರ್ಷ ಹೇಳುವುದನ್ನೇ ಹೇಳಿದಳು.

"ಕಲ್ಲು ಜಾಡಿ ಪಕ್ಕ. ಗಾಜಿಗೆ ತಾಗಿಸಿಡಿ. ಒಳಗೆ ಹಾಕಬಾರದು."

"ಯಾಕೆ?" ಅಂದೆ.

"ಯಾಕೆ ಅಂದ್ರೆ? ನಂಗೆ ಕಲಿಸಿದೋಳು ಹಾಗೇ ಇಡ್ತಿದ್ಲು, ನಾನೂ ಇಡ್ತೀನಿ. ನಿಂದು ಯಾವಾಗ್ಲೂ ಇದೇ ತಕರಾರು ಕೆರೆನ್. ಸುಮ್ನೆ ಇಡೇ."

ಅವಳದ್ದು ಎಲ್ಲವೂ ಹೀಗೇ. ಕಾರಣ ಕೇಳಿದರೆ ಗದರಿಕೆ.

ಮನೆಗೆ ಬಂದು ಜಾಡಿಯ ಮುಂದೆ ಬಹಳ ಹೊತ್ತು ಕೂತೆ. ಗಾಜಿನಾಚೆ ಕೂತ ಕಲ್ಲಿನಿಂದ ಅಕ್ಕನಿಗೆ ಏನು ತಲುಪೀತು? ಅರ್ಧಂಬರ್ಧ ಕೊಡಲು ಮನಸ್ಸಿಲ್ಲ. ತೊಳೆದು ಒಳಗೇ ಹಾಕಿದೆ. ಮುಚ್ಚಳಕ್ಕೆ ಮೇಣ.

ನವೆಂಬರ್ 23

ಬಣ್ಣ ಬಂದಿದೆ! ಎಲ್ಡರ್ ಹಣ್ಣಿನ ಕೆಂಪು ಹೋಗಿ, ಬೆಳಕಿಗೆ ಹಿಡಿದರೆ ಹಸಿರು. ಇಷ್ಟು ವರ್ಷದಲ್ಲಿ ಯಾರ ಜಾಡಿಗೂ ಹೀಗಾಗಿಲ್ಲ. ಪರ್ನೆಲ್‌ಗೆ ಹೇಳಲಿಲ್ಲ. ಯೂಲ್ ಆಗಲಿ, ಹೆಸ್ಟರ್ ಎದ್ದು ಓಡಾಡಲಿ, ಆಮೇಲೆ ಹೇಳುತ್ತೇನೆ. ಇವತ್ತು ಅಂಗಡಿಯಲ್ಲೂ ನನ್ನಷ್ಟಕ್ಕೆ ನಗುತ್ತಿದ್ದೆನಂತೆ.

ಡಿಸೆಂಬರ್ 21, ಯೂಲ್

ಮೇಣ ಒಡೆದೆ. ಸೋಸಿದೆ. ಎರಡು ಬಾಟಲಿ ತುಂಬಿತು. ಕಲ್ಲನ್ನು ಜಾಡಿಯ ಗಸಿಯಲ್ಲೇ ಬಿಟ್ಟೆ. ಚಳಿ ಮುಗಿಯುವವರೆಗೆ ಅದು ಅಲ್ಲಿರಲಿ.

ಒಂದು ಬಾಟಲಿ ತೆಗೆದುಕೊಂಡು ಹೆಸ್ಟರ್ ಮನೆಗೆ. ಅವಳ ಗಂಡ ಡೆನ್ಜಿಲ್ ಇವತ್ತು ದೋಣಿ ಇಳಿಸಿರಲಿಲ್ಲ, ಬಾಗಿಲಲ್ಲೇ ಶುರು ಹಚ್ಚಿಕೊಂಡ.

"ಬಂದ್ಳಪ್ಪ ಮಾಟಗಾತಿ. ಪೊರಕೆ ಎಲ್ಲಿ ಪಾರ್ಕ್ ಮಾಡ್ದೆ?" ಬಾಟಲಿ ನೋಡಿ, "ಇದೇನಮ್ಮ, ದೋಣಿ ತಳಕ್ಕೆ ಬಳಿಯೋ ಪೇಂಟಾ?"

"ನಿಂಗಲ್ಲ ಬಿಡು."

"ದೇವ್ರು ದೊಡ್ಡೋನು!"

ಹೆಸ್ಟರ್ ನಗಲು ಹೋಗಿ ಕೆಮ್ಮಿದಳು. ಅವಳು ಭಾನುವಾರ ತಪ್ಪದೆ ಚಾಪೆಲ್‌ಗೆ ಹೋಗುವವಳು. "ಇದನ್ನ ಕುಡಿದ್ರೆ ಪಾದ್ರಿ ನನ್ನನ್ನ ಒಳಗೆ ಬಿಟ್ಕೋತಾರೇನೇ?" ಅಂದಳು. ಆದರೂ ಚಮಚ ತರಿಸಿದಳು. ಕುಡಿದು ಮುಖ ಹಿಂಡಿದಳು. "ನಾಣ್ಯ ಚೀಪಿದ ಹಾಗಿದೆ."

"ಸತ್ವ ಇರೋದು ಹಾಗೇ. ಬೆಳಿಗ್ಗೆ ಒಂದು, ರಾತ್ರಿ ಒಂದು. ಬಿಡಬಾರದು."

"ಆಯ್ತು ಡಾಕ್ಟರಮ್ಮ."

ವಾಪಸ್ ಬರುವಾಗ ಮೋಡ ಹರಿದು ಸ್ವಲ್ಪ ಬಿಸಿಲಿತ್ತು. ಬಹಳ ದಿನದ ಮೇಲೆ ಹಗುರವಾಗಿ ನಡೆದೆ.

ಡಿಸೆಂಬರ್ 27

ಹೆಸ್ಟರ್‌ಗೆ ವಾಂತಿ. ಹಬ್ಬದ ಊಟ ಒಗ್ಗಲಿಲ್ಲ ಅನ್ನುತ್ತಾಳೆ. ನಾನು ಹೇಳಿದೆ—ಒಳಗಿನ ಕೆಟ್ಟದ್ದು ಹೊರಗೆ ಹೋಗುತ್ತಿದೆ, ಶುರುವಿನಲ್ಲಿ ಹೀಗಾಗುತ್ತದೆ, ನಿಲ್ಲಿಸಿದರೆ ಅರ್ಧಕ್ಕೇ ಬಿಟ್ಟಂತೆ. ಎರಡೆರಡು ಚಮಚ ಮಾಡು ಅಂದೆ.

"ನೀ ಹೇಳಿದ್ಮೇಲೆ ಆಯ್ತು ಕಣೇ."

ಜನವರಿ 4

ಕೆಮ್ಮು ಕಡಿಮೆ! ಹತ್ತಿರ ಕೂತಿದ್ದಷ್ಟು ಹೊತ್ತೂ ಒಂದು ಸಲವೂ ಕೆಮ್ಮಲಿಲ್ಲ. ಸೊರಗಿದ್ದಾಳೆ, ಊಟ ಸೇರುವುದಿಲ್ಲವಂತೆ. ಅದು ತಾನಾಗಿ ಬರುತ್ತದೆ. ಎರಡನೇ ಬಾಟಲಿ ಕೊಟ್ಟು ಬಂದೆ. ಡೆನ್ಜಿಲ್ ಇವತ್ತು ಏನೂ ಆಡಿಕೊಳ್ಳಲಿಲ್ಲ. ನಾನೇ ಕೇಳಿದೆ, ಯಾಕೋ ಬಾಯಿ ಬಿದ್ದುಹೋಯಿತೇ ಅಂತ. "ಇವತ್ತು ನೆಮ್ಮದಿಯಾಗಿ ಉಸಿರಾಡ್ತಿದ್ದಾಳೆ, ಸುಮ್ನಿರು" ಅಂದ.

ಜನವರಿ 19

ಹೆಸ್ಟರ್ ದೊಡ್ಡಾಸ್ಪತ್ರೆಯಲ್ಲಿ. ಕಣ್ಣು ಹಳದಿ, ಚರ್ಮ ಹಳದಿ. ಲಿವರ್ ಕೈಕೊಟ್ಟಿದೆಯಂತೆ. ಕಾರಣ ಗೊತ್ತಿಲ್ಲವಂತೆ. ಡೆನ್ಜಿಲ್ ನಿನ್ನೆ ಎತ್ತಿಕೊಂಡೇ ವ್ಯಾನಿಗೆ ಹಾಕಿದನಂತೆ. ನನಗೆ ಹೇಳಿದ್ದು ಇವತ್ತು.

ಡಾಕ್ಟರ್ ಹುಡುಗಿ ಕೇಳಿದಳು. "ಮಾತ್ರೆ ಬಿಟ್ಟು ಬೇರೇನಾದ್ರೂ? ಗಿಡಮೂಲಿಕೆ, ಟಾನಿಕ್, ಮನೆ ಔಷಧಿ?" ಡೆನ್ಜಿಲ್ ಆಗ ಕೆಳಗೆ ಚಹಾಕ್ಕೆ ಹೋಗಿದ್ದ. ಹೆಸ್ಟರ್ ನನ್ನ ಮಣಿಕಟ್ಟು ಒತ್ತಿ ಹಿಡಿದಳು.

"ಟೀ ಬಿಟ್ರೆ ಏನಿಲ್ಲಮ್ಮ."

ನಾನೂ ಸುಮ್ಮನಿದ್ದೆ. ಹೇಳಿದರೆ ನಿಲ್ಲಿಸಿಬಿಡುತ್ತಾರೆ, ಆಮೇಲೆ ಅವಳಿಗೆ ವಾಸಿಯಾಗುವುದು ಯಾವುದರಿಂದ ಅಂದುಕೊಂಡೆ. ನಿಜಕ್ಕೂ ಹಾಗೆಯೇ ಅಂದುಕೊಂಡೆ.

ಜನವರಿ 24

ವಾರ್ಡಿನಲ್ಲಿ ಹೊಗೆ ಹಾಕಲು ನರ್ಸ್ ಬಿಡಲಿಲ್ಲ. ರೋಸ್‌ಮೇರಿ ಎಲೆ ಹೊಸಕಿ ಹೆಸ್ಟರ್ ಅಂಗೈಗೆ ಹಚ್ಚಿದೆ. ಮೂಗಿನ ಹತ್ತಿರ ಹಿಡಿದುಕೊಂಡಳು. "ಭಾನುವಾರ ಅಮ್ಮ ಕುರಿಮಾಂಸ ಮಾಡ್ತಿದ್ಲಲ್ಲ, ಆ ವಾಸನೆ" ಅಂದಳು. ಮಾತು ತೊದಲುತ್ತಿದೆ.

ಡಾಕ್ಟರಿಗೆ ಯಾಕೆ ಸುಳ್ಳು ಹೇಳಿದೆ ಅಂತ ಕೇಳಿದೆ.

"ನಿನ್ನ ಬೈತಾರೆ ಅಂತ." ಅಂಗೈಯನ್ನು ಮತ್ತೆ ಮೂಗಿಗೆ ಹಿಡಿದಳು. "ಎಂಥಾ ರುಚಿ ಅದು! ನಾಯೀನೂ ಮೂಸಲ್ಲ. ನಂಗೆ ಅದರಲ್ಲೆಲ್ಲ ನಂಬಿಕೆ ಎಲ್ಲಿದೆ ಹೇಳು..."

"ಮತ್ತೆ ಯಾಕೆ ಕುಡಿದೆ?"

"ಅಮ್ಮ ಹೋದ್ಮೇಲೆ ನಿನ್ನ ಮುಖದಲ್ಲಿ ಅಷ್ಟು ಖುಷಿ ನಾನು ನೋಡಿರ್ಲಿಲ್ಲ. ಕುಡೀದೆ ಏನ್ಮಾಡ್ಲಿ?"

ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತೆ.

ಫೆಬ್ರವರಿ 1, ಇಂಬೋಲ್ಕ್

ಚಳಿಗಾಲದ ಕಲ್ಲನ್ನು ತೊಳೆದು, ಸಿಕ್ಕಿದ ನೆಲಕ್ಕೇ ಒಪ್ಪಿಸುವ ದಿನ. ಜಾಡಿಯ ಗಸಿಗೆ ಕೈ ಹಾಕಿದೆ.

ಕಲ್ಲು ಅರ್ಧ ಆಗಿದೆ. ಮೈಯೆಲ್ಲ ತೂತು. ಬೆರಳಲ್ಲಿ ಉಜ್ಜಿದರೆ ಪುಡಿ ಉದುರುತ್ತದೆ.

ಉಳಿದ ಅರ್ಧ ಎಲ್ಲಿ? ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟೆ. ವಿನೆಗರ್ ತಿಂದುಹಾಕಿದೆ. ಆ ಹಸಿರೆಲ್ಲ ಕಲ್ಲಿನೊಳಗಿದ್ದದ್ದೇ. ತಾಮ್ರ. ನಾನು ಅದನ್ನು ಚಮಚದಲ್ಲಿ ಅಳೆದು ಅಕ್ಕನಿಗೆ ಕುಡಿಸಿದ್ದೇನೆ. ವಾಂತಿ ಮಾಡಿದಾಗ ಎರಡರಷ್ಟು ಕುಡಿಸಿದ್ದೇನೆ.

ಆಸ್ಪತ್ರೆಗೆ ಓಡಬೇಕಿತ್ತು. ಪರ್ನೆಲ್ ಮನೆಗೆ ಓಡಿದೆ.

ಅವಳು ಕೇಳಿದ ಮೊದಲ ಮಾತು, "ಯಾರಿಗಾದ್ರೂ ಹೇಳಿದ್ಯಾ?"

"ಇಲ್ಲ."

"ಹೇಳ್ಬೇಡ. ಪೇಪರ್‌ನೋರು ನಮ್ಮನ್ನ ಹುರಿದು ಮುಕ್ತಾರೆ. ಒಂಬತ್ತು ಜನ ಇದೀವಿ ಕೆರೆನ್, ಶಾಲೆ ಟೀಚರ್ ಇದಾಳೆ ನಮ್ಮಲ್ಲಿ. ರಕ್ತ ಪರೀಕ್ಷೆ ಮಾಡ್ತಾರಲ್ಲ, ಡಾಕ್ಟರುಗಳಿಗೆ ತಾನೇ ಗೊತ್ತಾಗುತ್ತೆ."

"ಗೊತ್ತಾಗದಿದ್ರೆ?"

"ಒಳಗೆ ಹಾಕಬೇಡ ಅಂತ ನಾನು ಬಡ್ಕೊಂಡಿರ್ಲಿಲ್ವಾ?"

ಜಾಡಿಯನ್ನೂ ಕಲ್ಲನ್ನೂ ಹಳೇ ಗಣಿಬಾವಿಗೆ ಎಸೆದೆ. ಸಂಜೆ ಹೆಸ್ಟರ್ ಮನೆಗೆ ಹೋದೆ, ಡೆನ್ಜಿಲ್ ಆಸ್ಪತ್ರೆಯಲ್ಲಿದ್ದ. ಕಸದ ಬುಟ್ಟಿಯ ಪಕ್ಕ ಒಂದು ಖಾಲಿ ಬಾಟಲಿ. ಇನ್ನೊಂದು ಕಣ್ಣಿಗೆ ಬೀಳಲಿಲ್ಲ. ಅದನ್ನೂ ಮುಗಿಸಿ ಎಸೆದಿರಬೇಕು.

ಫೆಬ್ರವರಿ 2

ಹೋಗಲಿಲ್ಲ. ಬಟ್ಟೆ ಹಾಕಿಕೊಂಡು ಬಾಗಿಲವರೆಗೆ ಹೋಗಿ ಬಂದೆ. ನಾಳೆ ಖಂಡಿತ. ಮೊದಲ ಬಸ್ಸಿಗೆ.

ಫೆಬ್ರವರಿ 3

ಬಸ್ ಸ್ಟಾಪಿನಲ್ಲಿದ್ದಾಗ ಡೆನ್ಜಿಲ್ ಫೋನ್ ಮಾಡಿದ. ಬೆಳಗಿನ ಜಾವ ಹೋದಳು.

ಫೆಬ್ರವರಿ 13

ಮಣ್ಣು ಮಾಡಿ ಬಂದೆವು. ಪೋಸ್ಟ್‌ಮಾರ್ಟಮ್ ಆಗಿದೆ, ವರದಿಗೆ ವಾರಗಟ್ಟಲೆ ಬೇಕಂತೆ. ಚಾಪೆಲ್ ತುಂಬ ಜನ. ಪರ್ನೆಲ್ ಹಿಂದಿನ ಸಾಲಿನಲ್ಲಿದ್ದಳು, ಹೊರಡುವಾಗ ನನ್ನ ಬೆನ್ನು ಸವರಿದಳು. ಮೈ ಉರಿಯಿತು. ಎರಡು ದಿನ ಇತ್ತು ನನ್ನ ಕೈಯಲ್ಲಿ. ಬದುಕುತ್ತಿದ್ದಳೋ ಇಲ್ಲವೋ ಗೊತ್ತಿಲ್ಲ. ಗೊತ್ತಾಗುವ ದಾರಿಯನ್ನೇ ಮುಚ್ಚಿದವಳು ನಾನು.

ಡೆನ್ಜಿಲ್ ಎಲ್ಲರ ಮುಂದೆ ನನ್ನನ್ನು ಅಪ್ಪಿ ಹಿಡಿದು ಅತ್ತ. "ನೀನಾದ್ರೂ ಅವಳಿಗೆ ಏನೋ ಮಾಡ್ದೆ. ನಾನು ಬರೀ ತಮಾಷೆ ಮಾಡ್ಕೊಂಡಿದ್ದೆ."

ನಿಜ ಹೇಳದೆಯೇ ಅವನನ್ನು ವ್ಯಾನಿನವರೆಗೆ ನಡೆಸಿಕೊಂಡು ಹೋದೆ.

ಫೆಬ್ರವರಿ 22, ಬೆಳಿಗ್ಗೆ 10

ಡೆನ್ಜಿಲ್ ಕೆಳಗೆ ಅಡುಗೆಮನೆಯಲ್ಲಿ ಕೂತಿದ್ದಾನೆ. ಡಾಕ್ಟರ ಹತ್ತಿರ ಹೋಗೋಣ, ಕೋಟ್ ತರುತ್ತೇನೆ ಅಂತ ಮೇಲೆ ಬಂದೆ. ಇಳಿಯುವ ಮೊದಲು ಇದನ್ನು ಬರೆದಿಡುತ್ತೇನೆ.

ಬಾಗಿಲು ತೆರೆದಾಗ ಗುರುತೇ ಸಿಗಲಿಲ್ಲ. ಕೆನ್ನೆ ಒಳಗೆ ಹೋಗಿದೆ. ಜೇಬಿನಿಂದ ಬಾಟಲಿ ತೆಗೆದು ಮೇಜಿನ ಮೇಲಿಟ್ಟ. ತಳದಲ್ಲಿ ಬೆರಳಷ್ಟು ಹಸಿರು.

"ಮನೇಲಿ ಅವಳ ದಿಂಬಿನ ಕೆಳಗಿತ್ತು. ಚೆಲ್ಲೋಕೆ ಮನಸ್ಸು ಬರ್ಲಿಲ್ಲ ಕೆರೆನ್. ಅವಳ ಚಮಚದಲ್ಲೇ ದಿನಾ ಕುಡೀತಿದೀನಿ. ಅವಳ ಬಾಯಿ ರುಚಿ ನನ್ನ ಬಾಯಲ್ಲೂ ಇದೆ ಅನ್ಸುತ್ತೆ... ಹುಚ್ಚು ಅಂತೀಯೇನೋ. ಎರಡು ದಿನದಿಂದ ಹೊಟ್ಟೆ ಸರಿ ಇಲ್ಲ, ಏನೂ ನಿಲ್ತಿಲ್ಲ. ಇದು ಖಾಲಿಯಾಗ್ತಾ ಬಂತು ನೋಡು. ಇನ್ನೊಂದು ಬಾಟ್ಲಿ ಮಾಡ್ಕೊಡ್ತೀಯಾ?"

ಕಣ್ಣಿನ ಬಿಳಿ ಭಾಗ ನೋಡಿದೆ. ಬೆಳಕಿಗೆ ತಿರುಗು ಅಂದು ಮತ್ತೆ ನೋಡಿದೆ. ತಿಳಿ ಹಳದಿ.

ಮೇಲೆ ಬಂದು ಆಂಬ್ಯುಲೆನ್ಸ್‌ಗೆ ಫೋನ್ ಮಾಡಿದೆ. ಏನು ಕುಡಿದಿದ್ದಾರೆ ಅಂತ ಕೇಳಿದರು. ಹೇಳಿದೆ. ಯಾರು ಕೊಟ್ಟದ್ದು ಅಂದರು. ಅದನ್ನೂ ಹೇಳಿದೆ. ಹೊರಟಿದ್ದಾರಂತೆ. ಅವನಿಗಿನ್ನೂ ಹೇಳಿಲ್ಲ. ಅವರು ಬರುವ ಮೊದಲು ನನ್ನ ಬಾಯಿಂದಲೇ ಅವನಿಗೆ ಗೊತ್ತಾಗಬೇಕು.

ಕೂಗುತ್ತಿದ್ದಾನೆ—"ಏ ಮಾಟಗಾತಿ, ಕೋಟ್ ಹೊಲೀತಿದೀಯಾ ಹೇಗೆ?" ನಗಲು ನೋಡುತ್ತಿದ್ದಾನೆ, ಪಾಪ. ಇಳಿದು ಹೋಗುತ್ತೇನೆ. ಎದುರಿಗೆ ಕೂರುತ್ತೇನೆ. ಮೊದಲು ಹೆಸ್ಟರ್ ಹೆಸರು ಹೇಳಿ, ಆಮೇಲೆ ಕಲ್ಲನ್ನು ಜಾಡಿಯ ಒಳಗೆ ಹಾಕಿದ್ದು ನಾನೇ ಅನ್ನುತ್ತೇನೆ.