ಒಂದೇ ಎಳೆತದ ಗಂಟು

ಗುರುವಾರ, ನೆರೆ ಇಳಿದ ಇಪ್ಪತ್ತಾರನೆಯ ದಿನ

ಪ್ರೀತಿಯ ತಂಗಿ ಮೊಂಡಿಗೆ, ನಿನಗಿಂತ ಮೊಂಡಿಯಾದ ಅಕ್ಕನ ಆಶೀರ್ವಾದ.

ಮಕ್ಕಳು ಹೇಗಿದ್ದಾರೆ? ಅಣ್ಣನ ಮನೆಯಲ್ಲಿ ನಿನಗೆ ನಿದ್ದೆ ಹತ್ತುತ್ತಿದೆಯೇ? ನಿನ್ನ ಕಾಗದ ಬಂದು ಒಂಬತ್ತು ದಿನವಾಯಿತು. ಉತ್ತರ ತಡವಾಯಿತೆಂದು ಬೇಸರಿಸಬೇಡ. ಮೊದಲ ಆರು ದಿನ ಪುರುಸೊತ್ತು ಇರಲಿಲ್ಲ, ಉಳಿದ ಮೂರು ದಿನ ಧೈರ್ಯ ಇರಲಿಲ್ಲ.

"ಹನ್ನೊಂದು ಹಸುವನ್ನೂ ಮಾರಿಬಿಡು, ಅವುಗಳ ಮುಖ ನೋಡಲಾರೆ, ನನ್ನ ಗಂಡನನ್ನು ತಿಂದದ್ದು ಅವೇ" ಎಂದು ಬರೆದು, ಸಹಿ ಹಾಕಿದ ಒಪ್ಪಿಗೆ ಚೀಟಿಯನ್ನೂ ಜೊತೆಗಿಟ್ಟಿದ್ದೀಯ. ನಾನು ಮಾರಿಲ್ಲ. ಮಾರುವುದೂ ಇಲ್ಲ. ದನದ ವ್ಯಾಪಾರಿ ಸೋಮವಾರವೇ ಲಾರಿ ತಂದು ಗೇಟಿಗೆ ಅಡ್ಡ ನಿಲ್ಲಿಸಿದ್ದ. "ಕೆಚ್ಚಲು ಬಾತ ಹಸು, ಗೊರಸು ಕೊಳೆತ ಹಸು. ನಾನಾಗಿದ್ದಕ್ಕೆ ಕೇಳ್ತಿದ್ದೀನಿ ಅಮ್ಮ" ಅಂದ. ಉರಿಯುವ ಮನೆಯಲ್ಲಿ ಗಳ ಹಿರಿಯುವವರು ಎಲ್ಲ ಕಾಲದಲ್ಲೂ ಇರುತ್ತಾರೆ. ಸಗಣಿ ಬಾಚುವ ಸಲಿಕೆ ನನ್ನ ಕೈಯಲ್ಲೇ ಇತ್ತು. "ಲಾರಿ ನೀನು ತಿರುಗಿಸ್ತೀಯೋ, ನಾನು ತಿರುಗಿಸ್ಲೋ?" ಅಂದೆ. ತಿರುಗಿಸಿದ. ನನಗೆ ಸೈಕಲ್ಲೂ ಬರುವುದಿಲ್ಲ ಎಂಬುದು ಪಾಪ ಅವನಿಗೇನು ಗೊತ್ತು.

ಇಲ್ಲಿಯ ಸಮಾಚಾರ ಕೇಳು. ನಾವು ಏಳು ಹೆಂಗಸರು, ದನದ ಡಾಕ್ಟರಮ್ಮ, ಒಂದು ಟ್ರ್ಯಾಕ್ಟರ್, ಅದರ ಮೇಲೊಂದು ಜನರೇಟರ್. ಕರೆಂಟ್ ಇನ್ನೂ ಬಂದಿಲ್ಲ. ಒಂದೊಂದು ಕೊಟ್ಟಿಗೆಗೂ ಹೋಗಿ ಪಂಪು ಹಚ್ಚಿ ಕೆಸರು ತೊಳೆಯುತ್ತೇವೆ, ಸುಣ್ಣ ಹೊಡೆಯುತ್ತೇವೆ, ಬೂಷ್ಟು ಹಿಡಿದ ಮೇವನ್ನು ಹೊರಗೆಸೆಯುತ್ತೇವೆ. ಹಾಲು ಕರೆಯುವ ಯಂತ್ರಗಳಲ್ಲೆಲ್ಲ ಮಣ್ಣು ತುಂಬಿರುವುದರಿಂದ ಕೈಯಲ್ಲೇ ಕರೆಯುತ್ತೇವೆ. ಇಪ್ಪತ್ತಮೂರು ಕೊಟ್ಟಿಗೆ ಮುಗಿದವು. ಬೆರಳು ಮಡಚಲು ಬರುತ್ತಿಲ್ಲ. ಈ ಕೋಳಿ ಕೆದರಿದ ಅಕ್ಷರ ನೋಡಿದರೆ ನಿನಗೇ ತಿಳಿಯುತ್ತದೆ.

ಕರೆದ ಹಾಲನ್ನೆಲ್ಲ ಇಷ್ಟು ದಿನ ಗುಂಡಿಗೆ ಸುರಿದೆವು. ಔಷಧಿ ಕೊಟ್ಟ ಹಸುವಿನ ಹಾಲನ್ನು ಡೇರಿಯವರು ಮುಟ್ಟುವಂತಿಲ್ಲ. ಡೇರಿಯ ಕಾರ್ಯದರ್ಶಿ ಬಂದು, "ಗುಂಡಿಗೆ ಸುರಿಯೋಕೆ ಇಷ್ಟು ಒದ್ದಾಡ್ಬೇಕಾ ಅಕ್ಕ? ಹಾಗೇ ಬತ್ತಿಸಿಬಿಡಿ" ಅಂದ. "ಬತ್ತಿದ ಕೆಚ್ಚಲು ಮತ್ತೆ ತುಂಬೋದು ಇನ್ನೊಂದು ಕರು ಹಾಕಿದ ಮೇಲೇನೇ. ಅಲ್ಲೀವರೆಗೆ ನಿನ್ನ ಡೇರಿ ಕ್ಯಾನಿಗೆ ಏನು, ಗಾಳಿ ತುಂಬ್ತೀಯಾ?" ಅಂದೆ. ನನ್ನ ಬಾಯಿ ನಿನಗೆ ಗೊತ್ತಲ್ಲ. ನಿನ್ನೆ ಅದೇ ಕಾರ್ಯದರ್ಶಿ ಪರೀಕ್ಷೆ ಮಾಡಿದಾಗ ನಿನ್ನ ಹನ್ನೊಂದರಲ್ಲಿ ಎಂಟು ಹಸುಗಳ ಹಾಲು ಪಾಸಾಯಿತು. ನಮ್ಮ ಮನೆತನದಲ್ಲಿ ಒಂದೇ ಸಲ ಇಷ್ಟು ಜನ ಪಾಸಾದದ್ದು ಇದೇ ಮೊದಲು.

ನಿನ್ನ ಕೆಂದಿ ಮಾತ್ರ ಜಪ್ಪಯ್ಯ ಅಂದರೂ ನನಗೆ ಹಾಲು ಇಳಿಸಲಿಲ್ಲ. ಮೂರು ದಿನ ಒದೆ ತಿಂದೆ. ನಾಲ್ಕನೆಯ ದಿನ ನಿನ್ನವನ ಹಳೆಯ ಅಂಗಿ ತೊಟ್ಟುಕೊಂಡು ಕೂತೆ. ತೋಳನ್ನು ಮೂಸಿ ನೋಡಿತು, ಇಳಿಸಿತು. ನಾನು ಅದರ ಹೊಟ್ಟೆಗೆ ಹಣೆ ಕೊಟ್ಟು ಅತ್ತುಬಿಟ್ಟೆ. ಯಾರಿಗೂ ಹೇಳಬೇಡ.

ಇನ್ನೊಂದು ಕೆಲಸ ಹಚ್ಚಿಕೊಂಡಿದ್ದೇನೆ. ತೊಳೆದ ಪ್ರತಿ ಕೊಟ್ಟಿಗೆಯಲ್ಲೂ ಹಸು ಕಟ್ಟುವ ಗಂಟು ಬದಲಾಯಿಸುತ್ತಿದ್ದೇನೆ. ನಿನ್ನವನು ಹಾಕುತ್ತಿದ್ದನಲ್ಲ, ತುದಿ ಹಿಡಿದು ಒಮ್ಮೆ ಎಳೆದರೆ ಪೂರ್ತಿ ಬಿಚ್ಚಿಕೊಳ್ಳುವ ಗಂಟು, ಅದನ್ನೇ ಕಲಿಸುತ್ತೇನೆ. ಕಲಿಯದಿದ್ದವರ ಕೊಟ್ಟಿಗೆ ಬಿಟ್ಟು ಹೊರಡುವುದಿಲ್ಲ. ಮೊನ್ನೆ ಒಬ್ಬಳು ನಗುತ್ತಾ, "ಇದಕ್ಕೆ ಸೋಮಾರಿ ಗಂಟು ಅಂತ ಹೆಸರಿಟ್ಟಿದ್ದು ನೀವೇ ಅಲ್ವಾ ಅಕ್ಕ? ನಿಮ್ಮದು ಮೂರು ಸುತ್ತಿನ ಗಂಟು, ಯಮ ಬಂದ್ರೂ ಬಿಚ್ಚಲ್ಲ ಅಂತಿದ್ರಿ" ಅಂದಳು. ನಾನು ಅವಳ ಕೈಗೆ ಹಗ್ಗ ಕೊಟ್ಟು ಮತ್ತೊಮ್ಮೆ ಕಟ್ಟಿಸಿದೆ.

ನೀರು ನಮ್ಮ ಗೋಡೆ ಕೆಡವಿತು, ಮೇವು ತಿಂದಿತು, ನಿನ್ನ ಗಂಡನನ್ನೂ ಕೊಂಡೊಯ್ದಿತು. ಹಸುಗಳನ್ನು ಬಿಟ್ಟುಹೋಗಿದೆ. ನೀರು ಬಿಟ್ಟದ್ದನ್ನು ವ್ಯಾಪಾರಿಗೆ ಕೊಡಲು ನಾನು ಒಪ್ಪುವುದಿಲ್ಲ.

ಮಕ್ಕಳ ತಲೆ ಸವರಿದೆ ಎಂದು ಹೇಳು. ಅಣ್ಣ ಅತ್ತಿಗೆಯರಿಗೆ ನನ್ನ ನಮಸ್ಕಾರ. ನೀನು ಹೊಟ್ಟೆ ತುಂಬ ಉಣ್ಣು. ನೂರು ವರ್ಷ ಗಟ್ಟಿಯಾಗಿ ಬಾಳು.

ನಿನ್ನ
ಅಕ್ಕ

ಮತ್ತೊಂದು ಮಾತು. ಮರೆತು ಉಳಿದದ್ದಲ್ಲ, ಬರೆಯಲಾರದೆ ಉಳಿದದ್ದು.

ನೆರೆ ಬಂದ ಆ ಮಧ್ಯಾಹ್ನ ನೀನು ಮಕ್ಕಳನ್ನು ಕರೆದುಕೊಂಡು ಶಾಲೆಯ ಮಹಡಿಗೆ ಹೋದೆಯಲ್ಲ, ಅದಾದ ಹತ್ತೇ ನಿಮಿಷಕ್ಕೆ ನಿನ್ನ ಹಸುಗಳೆಲ್ಲ ದಿಬ್ಬ ಹತ್ತಿದ್ದವು. ಹನ್ನೊಂದು ಎಳೆತ, ಅಷ್ಟೆ. ನಿನ್ನವನೂ ಹತ್ತಿದ್ದ. ಕೂಗಿ ಕರೆದದ್ದು ನಾನು. ನನ್ನ ಆರು ಹಸುಗಳ ಗಂಟು ನೀರು ಕುಡಿದು ಕಲ್ಲಾಗಿದ್ದವು, ಹಲ್ಲು ಹಚ್ಚಿದರೂ ಸಡಿಲವಾಗಲಿಲ್ಲ. ಅವನು ಕುಡುಗೋಲು ಹಿಡಿದು ಇಳಿದು ಬಂದ. ಐದು ಹಗ್ಗ ಕೊಯ್ದ. "ಅಕ್ಕ, ಇವನ್ನ ಹೊಡ್ಕೊಂಡು ನೀವು ಹೋಗಿ, ಇದೊಂದು ಕೊಯ್ದು ಬಂದೆ" ಅಂದ. ನಾನು ಹೋದೆ. ಆಮೇಲೆ ಗೋಡೆ ಬಿತ್ತು, ಅವನ ಮೇಲೂ ಆ ಹಸುವಿನ ಮೇಲೂ. ನಮ್ಮಿಬ್ಬರ ಕೊಟ್ಟಿಗೆಗೂ ಅದೊಂದೇ ಗೋಡೆಯಾದ್ದರಿಂದ ಅವನು ತನ್ನ ಹಸುಗಳಿಗಾಗಿ ಹಿಂದಿರುಗಿದ ಎಂದು ಎಲ್ಲರೂ ಅಂದರು. ನೀನೂ ನಂಬಿದೆ. ನಾನು ಬಾಯಿ ಬಿಡಲಿಲ್ಲ.

ಅವನನ್ನು ತಿಂದದ್ದು ನಿನ್ನ ಹಸುಗಳಲ್ಲ, ನನ್ನ ಗಂಟು. ಸಿಟ್ಟು ಮಾಡುವುದಿದ್ದರೆ ನನ್ನ ಮೇಲೆ ಮಾಡು.

ನಿನ್ನ ಚೀಟಿಯನ್ನು ಇದರೊಳಗೇ ಮಡಚಿಟ್ಟಿದ್ದೇನೆ. ಇದನ್ನು ಓದಿದ ಮೇಲೂ ಮಾರಬೇಕೆನಿಸಿದರೆ ನೀನೇ ಬಂದು, ಒಂದೊಂದರ ಹಗ್ಗವನ್ನೂ ನಿನ್ನ ಕೈಯಿಂದ ಎಳೆದು ಮಾರು. ಅವನು ಅರ್ಧ ಕೊಯ್ದ ಆರನೆಯ ಹಗ್ಗ ನನ್ನ ಕಂಬದಲ್ಲಿ ಹಾಗೇ ಇದೆ. ಅದರ ಮುಂದೆ ನನ್ನನ್ನು ನಿಲ್ಲಿಸಿ ಬಯ್ಯಲಿಕ್ಕಾದರೂ ಬಾ. ಬರುವವರೆಗೆ ದಿನಕ್ಕೆ ಎರಡು ಹೊತ್ತು ನಿನ್ನ ಹಸುಗಳ ಹಾಲು ಕರೆಯುತ್ತೇನೆ. ನೀನು ಬೇಡ ಅಂದರೂ ಕರೆಯುತ್ತೇನೆ.