ಬೇರೆ ಐದು ಗಂಟೆ

ಜುಲೈ 7, ಭಾನುವಾರ. ಸಂಜೆ 5.25

ನೆಲದ ಮೇಲೆ ಚೆಲ್ಲಿದ್ದ ಗುಂಡಿಗಳನ್ನೆಲ್ಲ ಆರಿಸಿ ಡಬ್ಬಿಗೆ ಹಾಕಿದ್ದಾಯ್ತು. ಇನ್ನೆರಡು ಮಂಚದ ಕೆಳಗಿವೆ. ಇರಲಿ.

ಬಟಾಣಿ ಹೋದಳು. ಅಳಲಿಲ್ಲ, ತಿರುಗಿಯೂ ನೋಡಲಿಲ್ಲ. ಅಪ್ಪನ ಕೈ ಸಿಕ್ಕಿದ್ದೇ ತಡ, ಶಾಲೆಯ ಬೆಕ್ಕಿನ ಕಥೆ ಶುರು. ನನ್ನ ಮಗಳಿಗೆ ವಯಸ್ಸು ಐದೂವರೆ, ಬಾಯಿ ಮಾತ್ರ ಐವತ್ತರದ್ದು.

ಅವಳ ಅಪ್ಪ ಇವತ್ತು ಬಾಗಿಲಲ್ಲೇ ನಿಂತು ಶಾಲೆಯ ಡೈರಿ ತೋರಿಸಿದರು. ಟೀಚರ್ ಬರೆದಿದ್ದಾರೆ — ಮಗುವಿಗೆ ಗಡಿಯಾರ ನೋಡೋಕೆ ಬರ್ತಿಲ್ಲ, ಮನೆಯಲ್ಲಿ ಆಟದ ಥರ ಅಭ್ಯಾಸ ಮಾಡಿಸಿ.

“ನಮ್ಮಮ್ಮ ಹೇಳಿಕೊಡೋಕೆ ಕೂತ್ರೆ ಬೈಗುಳದಲ್ಲಿ ಮುಗಿಯುತ್ತೆ. ನಂಗೆ ಪುರುಸೊತ್ತಿಲ್ಲ. ನಿನ್ನ ಹತ್ರ ಬಟ್ಟೆ ಚೂರು, ಗುಂಡಿ ಎಲ್ಲಾ ಇದೆಯಲ್ಲ... ಏನಾದ್ರೂ ಮಾಡು.”

ಹೂಂ ಅಂದೆ.

ಇಷ್ಟು ದಿನ ಬಟಾಣಿಗೆ ಐದು ಗಂಟೆ ಅಂದ್ರೆ ಬಾಗಿಲು ಬಡಿಯೋ ಸದ್ದು. ಅಷ್ಟೇ. ಆ ಸದ್ದು ಕೇಳೋವರೆಗೂ ಪೂರ್ತಿ ನನ್ನವಳು. ಮಧ್ಯಾಹ್ನದಿಂದಲೇ ಗೋಡೆ ಗಡಿಯಾರ ನೋಡಿ ನೋಡಿ ಸಾಯೋದು ನಾನೊಬ್ಬಳೇ. ಈಗ ಅದನ್ನೂ ಅವಳಿಗೆ ಕಲಿಸಬೇಕಾ?

ಜುಲೈ 9, ಮಂಗಳವಾರ. ಊಟದ ಬಿಡುವು

ಟೈಲರ್ ಅಂಗಡಿಯ ಕಟಿಂಗ್ ಮೇಜಿನ ಮೂಲೆಯಲ್ಲಿ ಕೂತು ಬರೀತಿದೀನಿ. ಬೆಳಗಿಂದ ನಲವತ್ತು ಯೂನಿಫಾರ್ಮ್ ಕತ್ತರಿಸಿದ್ದೀನಿ, ಬೆರಳು ಮಡಚೋಕೆ ಬರ್ತಿಲ್ಲ. ಇನ್ನೂ ಅರ್ಧ ತಾನು ಬಟ್ಟೆ ಬಾಕಿ.

ಅಂಚು ಹೊಲಿಯೋ ಹೆಮ್ಮಿಂಗ್ ಅಕ್ಕನಿಗೆ ಡೈರಿಯ ವಿಷಯ ಹೇಳಿದೆ. ಸೂಜಿ ಬಾಯಲ್ಲಿಟ್ಟುಕೊಂಡೇ ಬೈದಳು. “ಏನೇ, ಕ್ಲಾಸಲ್ಲಿ ಎಲ್ಲರೂ ಕೈ ಎತ್ತುವಾಗ ನಿನ್ನ ಮಗಳು ಮಾತ್ರ ಬೆಪ್ಪಳ ಹಾಗೆ ಕೂರಬೇಕಾ? ನಿನ್ನ ಸಂಕಟಕ್ಕೆ?”

ಸರಿಯಾಗಿ ತಿವಿದಳು.

ಮಾಡಿಕೊಂಡಿದ್ದೂ ನಾನೇ ಅಲ್ವಾ. ಮೂರು ವರ್ಷದ ಹಿಂದೆ ಎದೆಯ ಕಾಯಿಲೆ, ಒಂಬತ್ತು ತಿಂಗಳು ಆಸ್ಪತ್ರೆ. ಮಗುವನ್ನ ಹತ್ತಿರ ಬಿಡೋ ಹಾಗಿರಲಿಲ್ಲ. ವಾಪಸ್ ಬಂದಾಗ ಬಟಾಣಿ ಅತ್ತೆಯ ಹಿಂದೆ ಅಡಗಿಕೊಂಡಳು, ಯಾರೋ ಸೂಜಿ ಚುಚ್ಚೋಕೆ ಬಂದವರ ಹಾಗೆ ನನ್ನ ನೋಡಿದಳು. ಬಟಾಣಿಯ ಅಪ್ಪನಿಗೂ ನಂಗೂ ಜಗಳ ಅಂತ ಆಗಲೇ ಇಲ್ಲ. ಮಾತು ಕಮ್ಮಿ ಆಯ್ತು, ಆಮೇಲೆ ನಿಂತೇಹೋಯ್ತು. ಬೇರೆಯಾಗೋ ಕಾಗದಕ್ಕೆ ಸಹಿ ಹಾಕುವಾಗ, ಮಗು ನನ್ನ ಹತ್ರ ಇರೋಕೆ ಭಾನುವಾರ ಹತ್ತರಿಂದ ಐದು ಸಾಕಾಗುತ್ತಾ ಅಂತ ಕೇಳಿದ್ರು. ಆಗ ನಾಲ್ಕು ಮೆಟ್ಟಿಲು ಹತ್ತಿದ್ರೆ ಏದುಸಿರು. ಸಾಕು ಅಂದೆ.

ಸಾಕು ಅಂದೆ!

ಜುಲೈ 14, ಭಾನುವಾರ. ಸಂಜೆ 6

ಬಟ್ಟೆಯ ಗಡಿಯಾರ ಹೊಲಿದಿಟ್ಟಿದ್ದೆ. ನೀಲಿ ಯೂನಿಫಾರ್ಮ್ ಬಟ್ಟೆಯ ದೊಡ್ಡ ತಟ್ಟೆ, ಬಿಳಿ ಕಾಲರ್ ಚೂರಿನ ಅಂಕಿಗಳು, ಒಂದೊಂದರ ಪಕ್ಕ ಒಂದೊಂದು ಗುಂಡಿ. ನಡುವೆ ಒತ್ತಿ ಕೂರಿಸೋ ಟಿಚ್ ಗುಂಡಿ, ಅದಕ್ಕೆ ಕೆಂಪು ಗಿಡ್ಡ ಮುಳ್ಳು, ಹಳದಿ ಉದ್ದ ಮುಳ್ಳು.

“ಮುಳ್ಳಾ? ಚುಚ್ಚುತ್ತಾ?”

“ಇಲ್ಲ ಕಣೇ. ಮುಟ್ಟಿ ನೋಡು, ಮೆತ್ತಗಿದೆ.”

“ಮತ್ತೆ ಮುಳ್ಳು ಅಂತ ಯಾಕೆ ಬೈತೀಯ ಅದಕ್ಕೆ?”

ಅವಳೇ ಹೆಸರಿಟ್ಟಳು. ಕೆಂಪಿನವನು ಕುಳ್ಳ, ಹಳದಿಯವನು ಲಂಬು. ಲಂಬು ಒಂದು ಸುತ್ತು ಓಡಿ ಬರೋದ್ರೊಳಗೆ ಕುಳ್ಳ ಒಂದೇ ಒಂದು ಗುಂಡಿ ದಾಟ್ತಾನೆ ಅಂತ ತೋರಿಸಿದೆ. “ಕುಳ್ಳ ಸೋಮಾರಿ” ಅಂದಳು. “ಅಪ್ಪನ ಥರ.” ನಗು ತಡೆಯೋಕಾಗಲಿಲ್ಲ.

ಬೆಳಗ್ಗೆ ಏಳುವ ಗಂಟೆ, ಶಾಲೆಯ ಗಂಟೆ, ಹಾಲಿನ ಗಂಟೆ — ಎಲ್ಲ ಕುಳ್ಳನನ್ನ ತಿರುಗಿಸಿ ತಿರುಗಿಸಿ ಹೇಳಿದಳು. ಎಂಟಕ್ಕೆ ಸ್ನಾನ. ಒಂಬತ್ತಕ್ಕೆ ಅಜ್ಜಿ ಜಡೆ ಹಾಕೋದು, ಆಗ ಅಲ್ಲಾಡಿದ್ರೆ ಬಾಚಣಿಗೆಯಲ್ಲಿ ಮೊಟಕೋದು. ಅವಳ ದಿನ ಪೂರ್ತಿ ನನ್ನ ತೊಡೆಯ ಮೇಲೆ ಒಂದು ಸುತ್ತು ಸುತ್ತಿತು. ಇದೊಂದೂ ನಂಗೆ ಗೊತ್ತಿರಲಿಲ್ಲ. ಕಲೀತಾ ಇದ್ದದ್ದು ಯಾರು?

ಐದರ ಗುಂಡಿ ಮಾತ್ರ ಇವತ್ತು ಮುಟ್ಟಿಸಲಿಲ್ಲ. ಮುಂದಿನ ವಾರ...

ಜುಲೈ 21, ಭಾನುವಾರ. ಸಂಜೆ 5.40

ತಾರಸಿಯ ಮೇಲೆ ಮಾರ್ಕಿಂಗ್ ಚಾಕಲ್ಲಿ ದೊಡ್ಡ ವೃತ್ತ ಬರೆದೆವು. ನಾನು ಲಂಬು, ಅವಳು ಕುಳ್ಳ. ಮಲಗಿಕೊಂಡೇ ತೆವಳೋದು. “ಮೂರು ಗಂಟೆ!” ಅಂದ್ರೆ ನನ್ನ ತಲೆ ಹನ್ನೆರಡಕ್ಕೆ, ಅವಳ ತಲೆ ಮೂರಕ್ಕೆ. ಆರು ಗಂಟೆಗೆ ನಾನು ಈ ಕಡೆ, ಅವಳು ಆ ಕಡೆ, ಪಾದಕ್ಕೆ ಪಾದ ತಾಗಿಸಿ. ಕೆಳಗಿನ ಮನೆಯಾಕೆ ಬಟ್ಟೆ ಒಣಹಾಕೋಕೆ ಬಂದವರು ಬೆಚ್ಚಿಬಿದ್ದರು. “ಏನಾಯ್ತು, ಬಿದ್ರಾ?”

“ಇಲ್ಲ ಆಂಟಿ, ಆರು ಗಂಟೆ ಆಯ್ತು” ಅಂದಳು ಬಟಾಣಿ.

ಆಮೇಲೆ ನಿಮಿಷದ ಆಟ. ಕಣ್ಣು ಮುಚ್ಚಿ, ಒಂದು ನಿಮಿಷ ಆಯ್ತು ಅನ್ನಿಸಿದಾಗ ಕೈ ಎತ್ತಬೇಕು. ಅವಳು ಹದಿನಾಲ್ಕು ಸೆಕೆಂಡಿಗೆ ಎತ್ತಿದಳು. ನನ್ನ ಸರದಿ. ಕಣ್ಣು ಮುಚ್ಚಿದೆ. ಅವಳ ಉಸಿರು ಕೆನ್ನೆಗೆ ತಾಗ್ತಿತ್ತು, ಕಿಸಿಕಿಸಿ ನಗು. ಕೈ ಎತ್ತಿ ಫೋನ್ ನೋಡಿದಾಗ ಎರಡು ನಿಮಿಷ ಹತ್ತು ಸೆಕೆಂಡು!

“ಅಮ್ಮ ಫೇಲ್” ಅಂದಳು.

ಜುಲೈ 24, ಬುಧವಾರ

ಅಂಗಡಿಯಲ್ಲಿ ಕರೆಂಟ್ ಹೋಗಿತ್ತು. ಸುಮ್ಮನೆ ಕೂತು ಒಬ್ಬಳೇ ಆ ಆಟ ಆಡಿದೆ. ಒಂದು ನಿಮಿಷ ಆಯ್ತು ಅಂತ ಕಣ್ಣು ಬಿಟ್ಟೆ. ಇಪ್ಪತ್ತೇಳು ಸೆಕೆಂಡು.

ಜುಲೈ 28, ಭಾನುವಾರ. ಸಂಜೆ 7

ಐದನ್ನ ಕಲಿಸಿದ್ದಾಯ್ತು. ತಾನೇ ಕುಳ್ಳನನ್ನ ಅಲ್ಲಿ ನಿಲ್ಲಿಸಿ, “ಇದಕ್ಕೆ ಅಪ್ಪ ಬರೋದು” ಅಂದಳು. ದನಿಯಲ್ಲಿ ಏನೂ ಇರಲಿಲ್ಲ. ಶಾಲೆ ಬಿಡೋ ಗಂಟೆ ಹೇಳಿದ ಹಾಗೆ.

ನಾಲ್ಕೂವರೆಗೆ ಗೋಡೆ ನೋಡಿದಳು. ಕತ್ತರಿ ಕೆಳಗಿಟ್ಟಳು. ಹೋಗಿ ಚಪ್ಪಲಿ ಹಾಕಿಕೊಳ್ಳತೊಡಗಿದಳು. ಬಕಲ್ ಸೇರ್ತಿಲ್ಲ, ನಾಲಿಗೆ ಹೊರಗೆ. ನಾನು ನಿಂತಲ್ಲೇ ನಿಂತೆ. ಇದೇ ಆಗೋದು ಅಂತ ಗೊತ್ತಿತ್ತು. ಗೊತ್ತಿದ್ದೂ...

“ಅಷ್ಟು ಅವಸರನಾ ಹೋಗೋಕೆ?” ಕೇಳಬಾರದಿತ್ತು. ಕೇಳಿಬಿಟ್ಟೆ.

ತಲೆ ಎತ್ತಿ ನೋಡಿದಳು, ನಾನೇ ದಡ್ಡಿ ಅನ್ನೋ ಹಾಗೆ. “ಚಪ್ಪಲಿಗೆ ಐದು ನಿಮಿಷ ಬೇಕು ಅಮ್ಮ. ಅಪ್ಪ ಬಂದ ಮೇಲೆ ಹಾಕ್ಕೊಂಡ್ರೆ ನೀನು ಚಪ್ಪಲಿ ಮಾತ್ರ ನೋಡ್ತೀಯ. ಈಗಲೇ ಹಾಕ್ಕೊಂಡ್ರೆ ಆಮೇಲೆ ಪೂರ್ತಿ ಆಟ.”

ಚಪ್ಪಲಿ ಕಾಲಲ್ಲೇ ಮಂಚ ಹತ್ತಿ ಕೂತಳು. ಬೈಯಲಿಲ್ಲ. ಐದರವರೆಗೂ ಗುಂಡಿ ಜೋಡಿಸಿದೆವು. ನನ್ನ ಕಣ್ಣಿಗೆ ಯಾವ ಗುಂಡಿಗೆ ಎಷ್ಟು ತೂತು ಅಂತಲೂ ಕಾಣ್ತಿರಲಿಲ್ಲ.

ಆಗಸ್ಟ್ 4, ಭಾನುವಾರ. ಸಂಜೆ 5.30

ಕಾಲು, ಅರ್ಧ, ಮುಕ್ಕಾಲು. “ನಾಲ್ಕೂಕಾಲು” ಅಂದ ತಕ್ಷಣ ಬಗ್ಗಿ ಗಡಿಯಾರದ ಕೆಳಗೆ ನೋಡಿದಳು. “ನಾಲ್ಕು ಕಾಲು ಎಲ್ಲಿದೆ? ಇದೇನು ಬೆಕ್ಕಾ?” ಚಪಾತಿ ಮಡಚಿದ ಹಾಗೆ ದುಂಡು ಬಟ್ಟೆಯನ್ನ ಎರಡು ಸಲ ಮಡಚಿ ತೋರಿಸಿದ ಮೇಲೆ ಒಪ್ಪಿಕೊಂಡಳು. ಟೀಚರ್ ಮೊನ್ನೆ ಕ್ಲಾಸಲ್ಲಿ ಕೇಳಿದಾಗ ಮೊದಲು ಕೈ ಎತ್ತಿದ್ದು ಇವಳೇ ಅಂತೆ.

ಚಪ್ಪಲಿ ಹಾಕಿಕೊಂಡು ಕೂತವಳು ಇದ್ದಕ್ಕಿದ್ದ ಹಾಗೆ ಕೇಳಿದಳು. ಅಕ್ಷರಕ್ಕಕ್ಷರ ಬರೆದಿಡ್ತೀನಿ.

“ಐದಾದ ಮೇಲೆ ಕುಳ್ಳ ಎಲ್ಲಿ ಹೋಗ್ತಾನೆ?”

“ಆರಕ್ಕೆ, ಏಳಕ್ಕೆ... ಸುತ್ತಿ ಮತ್ತೆ ಐದಕ್ಕೇ ಬರ್ತಾನೆ. ಅದು ಬೆಳಗಿನ ಜಾವ.”

“ಆಮೇಲೆ?”

“ಇನ್ನೊಂದು ಸುತ್ತು. ಮತ್ತೆ ಸಂಜೆ ಐದು.”

“ಓಹೋ. ಅಂದ್ರೆ ಐದು ತುಂಬಾ ಇದೆ?”

“ತುಂಬಾ ಇದೆ.”

“ಹಾಗಾದ್ರೆ ನಾನು ಬೇರೆ ಐದಕ್ಕೆ ಹೋಗ್ತೀನಿ.”

ಬಾಗಿಲು ಬಡಿಯಿತು. ಅಪ್ಪನಿಗೂ ಅದನ್ನೇ ಹೇಳಿದಳು. ಕುಳ್ಳ ಎರಡು ಸುತ್ತು ಬರಲಿ, ಆಮೇಲೆ ಬಾ. ಅವರು ನನ್ನ ಮುಖ ನೋಡಿದರು. ನಾನು ಅವರ ಬೂಟು ನೋಡಿದೆ. ಎತ್ತಿಕೊಂಡು ಹೋದರು. ಮೊದಲ ಸಲ ಅತ್ತಳು. ಮೆಟ್ಟಿಲ ತುದಿಯವರೆಗೂ ಕೇಳಿಸ್ತಿತ್ತು, ಬೀದಿಯಲ್ಲೂ.

ಆಗಸ್ಟ್ 6, ಮಂಗಳವಾರ

ಅವರ ಫೋನ್. ಪಕ್ಕದಲ್ಲಿ ಅತ್ತೆ ಇದ್ದರು, ಗೊತ್ತಾಗ್ತಿತ್ತು.

“ಎರಡು ದಿನದಿಂದ ಒಂದೇ ಹಟ. ನಿನ್ನ ಹತ್ರ ಮಲಗಬೇಕಂತೆ. ನೀನೇ ಹೇಳಿಕೊಟ್ಟಿದ್ದಾ?”

“ಗಡಿಯಾರ ಹೇಳಿಕೊಟ್ಟೆ. ನೀವೇ ಹೇಳಿದ್ರಲ್ಲ.”

ಅವರು ಅಂದರು, “ಒಂದಷ್ಟು ವಾರ ಕಳಿಸೋದು ಬೇಡ. ಅವಳು ಸರಿಹೋಗಲಿ. ಅಮ್ಮನಿಗೂ ಬೇಜಾರಾಗಿದೆ.”

ಸರಿಹೋಗಲಿ ಅಂದ್ರೆ ಮರೀಲಿ ಅಂತ ತಾನೇ. ಒಂದ್ಸಲ ಮರೆತಿದ್ದಾಳೆ. ಅದು ಹೇಗಿರುತ್ತೆ ಅಂತ ನಂಗೆ ಗೊತ್ತು.

ಆಗಸ್ಟ್ 11, ಭಾನುವಾರ

ಬರಲಿಲ್ಲ.

ಆಗಸ್ಟ್ 18, ಭಾನುವಾರ

ಹತ್ತಕ್ಕೆ ಬಾಗಿಲು ತೆಗೆದಿಟ್ಟೆ. ಹನ್ನೆರಡೂಕಾಲಿಗೆ ಹಾಲು ಬಿಸಿ ಮಾಡಿ ನಾನೇ ಕುಡಿದೆ. ತಾರಸಿಯ ಮೇಲಿನ ವೃತ್ತ ಅರ್ಧ ಅಳಿಸಿಹೋಗಿದೆ, ಏಳರಿಂದ ಹನ್ನೊಂದರವರೆಗೆ ಮಾತ್ರ ಉಳಿದಿದೆ. ಮತ್ತೆ ಬರೆಯೋಣ ಅಂತ ಚಾಕ್ ತಗೊಂಡು ಹೋದೆ. ಬರೆಯಲಿಲ್ಲ.

ಕಾಗದ ತೆಗೆದು ಓದಿದೆ. ಭಾನುವಾರ ನನ್ನದು ಅಂತ ಸ್ಪಷ್ಟವಾಗಿ ಇದೆ. ವಕೀಲರ ಹತ್ರ ಹೋಗಬಹುದು. ಹೋದ್ರೆ ಬಟಾಣಿ ನಡುವೆ ನಿಂತು ಎರಡೂ ಕಡೆ ನೋಡ್ತಾಳೆ. ಹೆಮ್ಮಿಂಗ್ ಅಕ್ಕ ಹೋಗು ಅಂತಾಳೆ. ಇನ್ನೊಂದು ವಾರ ನೋಡ್ತೀನಿ. ಒಂದೇ ವಾರ.

ಆಗಸ್ಟ್ 25, ಭಾನುವಾರ. ಸಂಜೆ 6.15

ಹನ್ನೊಂದಕ್ಕೆ ಬಾಗಿಲು ಬಡಿದ ಸದ್ದು. ಓಡಿದೆ. ಅತ್ತೆ. ಒಬ್ಬರೇ.

ಈ ಮನೆಗೆ ಯಾವತ್ತೂ ಬಂದವರಲ್ಲ. ಮೂರು ಮಹಡಿ ಹತ್ತಿ ಮುಖ ಕೆಂಪಗಾಗಿತ್ತು. ಕೂರಿಸಿ ನೀರು ಕೊಟ್ಟೆ. ಏದುಸಿರು ಇಳಿಯೋವರೆಗೂ ಕೋಣೆ ನೋಡಿದರು. ಮಂಚ, ಮಿಷನ್, ಗೋಡೆಯಲ್ಲಿ ನೇತುಹಾಕಿದ ಬಟ್ಟೆಯ ಗಡಿಯಾರ.

“ದಿನಾ ಈ ಮೆಟ್ಟಿಲು ಹತ್ತುತ್ತೀಯಾ?”

“ಎರಡು ಮೂರು ಸಲ.”

“ಕೆಮ್ಮು?”

“ಇಲ್ಲ ಅತ್ತೆ. ಎರಡು ವರ್ಷ ಆಯ್ತು. ಡಾಕ್ಟರ ಚೀಟಿ ಇದೆ, ತೋರಿಸಲಾ?”

ಬೇಡ ಅಂತ ಕೈ ಅಲ್ಲಾಡಿಸಿದರು. ಲೋಟ ಕೆಳಗಿಟ್ಟರು.

“ಹೋದ ಭಾನುವಾರ ಹತ್ತಕ್ಕೆ ಹೋಗಿ ಕಿಟಕಿ ಹತ್ರ ಕೂತಳು. ಕರೆದ್ರೆ ಬರಲ್ಲ. ಊಟ ಬೇಡ. ಗೊಂಬೆ ಬೇಡ. ಗಡಿಯಾರ ನೋಡ್ಕೊಂಡು ಸುಮ್ನೆ ಕೂತಿದ್ಲು. ಐದಾದ ತಕ್ಷಣ ಎದ್ದು ಬಂದು, ಅಜ್ಜಿ ಊಟ ಕೊಡು ಅಂದ್ಲು. ಅದರ ಹಿಂದಿನ ವಾರವೂ ಹಾಗೇ.” ಸೆರಗಲ್ಲಿ ಮುಖ ಒರೆಸಿಕೊಂಡರು. “ಅತ್ತಿದ್ರೆ ಸಮಾಧಾನ ಮಾಡ್ತಿದ್ದೆ ಕಣೇ. ಅಳಲೇ ಇಲ್ಲ. ನಿಂಗೆ ಅಂತ ಇಟ್ಟ ಹೊತ್ತನ್ನ ನಂಗೆ ಒಂಚೂರೂ ಕೊಡಲಿಲ್ಲ.”

ನಾನು ಆಸ್ಪತ್ರೆಯಲ್ಲಿದ್ದ ಆ ಒಂಬತ್ತು ತಿಂಗಳು ಮಗುವಿನ ಜ್ವರ, ಹಟ ಎಲ್ಲ ಇವರೇ ನೋಡಿದ್ದು. ಅದನ್ನ ಹೇಳಿದೆ. ನಿಮ್ಮಿಂದ ಕಿತ್ತುಕೊಳ್ಳೋಕಲ್ಲ ಅತ್ತೆ, ಅಂದೆ. ನಂಬಿದರೋ ಇಲ್ಲವೋ.

ಏಳುವಾಗ ಹೇಳಿದರು. “ಶನಿವಾರ ಐದಕ್ಕೆ ಕಳಿಸ್ತೀನಿ. ಭಾನುವಾರ ಐದಕ್ಕೆ ಕರ್ಕೊಂಡು ಹೋಗ್ತೀವಿ. ತಿಂಗಳಿಗೊಂದ್ಸಲ. ಮಿಕ್ಕ ಭಾನುವಾರ ಮೊದಲಿನ ಹಾಗೇ. ನಿದ್ದೆಯಲ್ಲಿ ಹೊದಿಕೆ ಒದೀತಾಳೆ, ಹೊದಿಸ್ತಾ ಇರಬೇಕು. ಎಡಗಡೆ ಮಲಗಿಸು, ಗೋಡೆ ಬದಿಗೆ.”

ಹೂಂ, ಹೂಂ, ಹೂಂ. ಕೆಳಗಿನವರೆಗೂ ಕೈ ಹಿಡಿದು ಇಳಿಸಿದೆ. ಬಿಡಿಸಿಕೊಳ್ಳಲಿಲ್ಲ.

ಆಗಸ್ಟ್ 30, ಶುಕ್ರವಾರ

ಎರಡನೇ ದಿಂಬಿಗೆ ಕವರ್ ಹೊಲಿದೆ. ಬಿಚ್ಚಿ ಮತ್ತೆ ಹೊಲಿದೆ. ಅಂಗಡಿಯಲ್ಲಿ ತೋಳು ಎಡಬಲ ಅದಲುಬದಲು ಕತ್ತರಿಸಿ ಬೈಸಿಕೊಂಡೆ. ತಿಂಗಳಿಗೊಂದು ರಾತ್ರಿ. ಈಗಲೇ ಮುಂದಿನ ತಿಂಗಳದ್ದಕ್ಕೆ ಹಂಬಲಿಸ್ತಿದೀನಿ, ಮೊದಲನೆಯದು ಇನ್ನೂ ಬಂದೇ ಇಲ್ಲ!

ಸೆಪ್ಟೆಂಬರ್ 1, ಭಾನುವಾರ. ಬೆಳಗ್ಗೆ 6.40

ಎಡಗೈ ಅವಳ ತಲೆಯ ಕೆಳಗೆ ಸಿಕ್ಕಿಕೊಂಡಿದೆ. ಜೋಮು ಹಿಡಿದಿದೆ. ಎಳೆಯಲ್ಲ. ಮಲಗಿಕೊಂಡೇ ಬಲಗೈಯಲ್ಲಿ ಬರೀತಿದೀನಿ, ಅಕ್ಷರ ಸೊಟ್ಟ ಸೊಟ್ಟ.

ಹನ್ನೊಂದು ಸಲ ಹೊದಿಕೆ ಒದ್ದಳು. ಹನ್ನೊಂದು ಸಲವೂ ಹೊದಿಸಿದೆ. ಅತ್ತೆಗೆ ಹೇಳಬೇಕು.

ಕಿಟಕಿಯಲ್ಲಿ ಬೆಳಕು ಬಂತು. ಕೆಳಗೆ ಯಾರೋ ಅಂಗಡಿಯ ಬಾಗಿಲು ಎತ್ತಿದ ಸದ್ದು. ನಿದ್ದೆಯಲ್ಲಿ ಇವಳ ಹುಬ್ಬು ಗಂಟಾಗುತ್ತೆ, ಲೆಕ್ಕ ಮಾಡೋರ ಹಾಗೆ. ಎರಡು ವರ್ಷದ ಮಗು ಆಗಿದ್ದಾಗ ಹಾಗಿರಲಿಲ್ಲ. ಎದ್ದ ಕೂಡಲೇ ಏನು ಮಾಡ್ತಾಳೋ ಗೊತ್ತಿಲ್ಲ. ಅಳ್ತಾಳಾ, ನಗ್ತಾಳಾ, ನೀರು ಕೇಳ್ತಾಳಾ, ಅಜ್ಜಿಯನ್ನ ಕರೀತಾಳಾ? ಕರೆದ್ರೂ ಪರವಾಗಿಲ್ಲ. ನಾನು ನೋಡಬೇಕು, ಅಷ್ಟೇ. ಮೂರು ವರ್ಷದಲ್ಲಿ ಸಾವಿರ ಬೆಳಗು ಆಗಿದೆ, ಒಂದರಲ್ಲೂ ಅವಳ ಪಕ್ಕ ನಾನಿರಲಿಲ್ಲ.

ರೆಪ್ಪೆ ಅಲ್ಲಾಡಿತು. ಬಾಯಿ ಚಪ್ಪರಿಸ್ತಿದಾಳೆ. ಕಣ್ಣು ಇನ್ನೂ ಬಿಟ್ಟಿಲ್ಲ, ಕೈ ಮಾತ್ರ ಹಾಸಿಗೆ ಮೇಲೆ ಏನೋ ಹುಡುಕ್ತಿದೆ. ನನ್ನ ಮುಖದ ಹತ್ರ ಬಂತು, ಮೂಗು ಸಿಕ್ಕಿತು, ಈಗ ಬಾಯಿ ತೆಗೆದಳು, ಏನೋ ಹೇ—